ಅಂಗೈಯಗಲದ ಚಿತ್ರ

ಮಳೆಗೆ ಬರವಿರುವಂತೆ ಕೈಗೂ ಬರವೆಂಬುದೊಂದು ಉಂಟು. ಹಾಡುವವನಿಗೆ ಕೊರಳಿದ್ದೂ ಹಾಡು ಹುಟ್ಟದು. ಬರೆಯುವವನಿಗೆ ಲೇಖನಿಯಿದ್ದೂ ಸಾಲು ಮೂಡದು. ಚಿತ್ರ ತೆಗೆಯುವವನು ಬಿಳಿಯ ಹಾಳೆಯ ಮುಂದೆ ಕುಳಿತು, ಹಾಳೆಯನ್ನು ಬಿಳಿಯದಾಗಿಯೇ ಬಿಟ್ಟು ಏಳುತ್ತಾನೆ. ಇದನ್ನು ಸೋಮಾರಿತನವೆಂದು ಕರೆಯುವವರು ಈ ಬರವನ್ನು ಕಂಡವರಲ್ಲ. ಸೋಮಾರಿಗೆ ತನ್ನ ಕೆಲಸವಾಗಲಿಲ್ಲವೆಂಬ ನೋವಿರುವುದಿಲ್ಲ. ಕೈ ಬತ್ತಿದವನಿಗೆ ಆ ನೋವು ಉಣ್ಣುವಾಗಲೂ ಮಲಗುವಾಗಲೂ ಬಿಡುವುದಿಲ್ಲ.

ವಿಜಯಪುರದ ಕಡೆಯ ಎರೆಹೊಲಗಳನ್ನು ಬಲ್ಲವರಿಗೆ ಒಂದು ಸಂಗತಿ ತಿಳಿದಿರುತ್ತದೆ. ಹಿಂಗಾರಿಯ ಬೆಳೆಗೆಂದು ಮುಂಗಾರಿನಲ್ಲಿ ಏನನ್ನೂ ಬಿತ್ತದೆ ಬಿಟ್ಟ ಹೊಲವನ್ನು ರೈತನು ಸುಮ್ಮನೆ ಬಿಡುವುದಿಲ್ಲ. ಕುಂಟೆ ಹೂಡಿ ಮತ್ತೆ ಮತ್ತೆ ಹರಗುತ್ತಾನೆ. ಮೇಲ್ಮಣ್ಣು ಸಡಿಲಾದರೆ ಬಿದ್ದಷ್ಟು ಮಳೆ ಒಳಗಿಳಿಯುತ್ತದೆ; ಇಳಿದ ಹಸಿ ಬೇಗನೆ ಆರುವುದಿಲ್ಲ; ಕಸವೂ ಬೇರೂರುವುದಿಲ್ಲ. ಮುಂದೆ ಬಿತ್ತಿದ ಬಿಳಿಜೋಳ ಆ ಹಸಿಯನ್ನೇ ನಂಬಿ ತೆನೆ ಹಿಡಿಯುತ್ತದೆ. ಹರಗುವಾಗ ಹೊಲದಲ್ಲಿ ಬೆಳೆ ಕಾಣದು. ನೋಡಿದವರಿಗೆ ಅದೊಂದು ಬರಿಯ ಓಡಾಟ. ಆದರೆ ಹರಗದ ಹೊಲಕ್ಕೆ ಮಳೆ ಬಂದರೂ ಮಳೆಯ ಫಲ ಬಾರದು. ನಾವು ಇಲ್ಲಿ ಹೇಳಹೊರಟಿರುವುದು ಅಂತಹ ಹರಗುವಿಕೆಯೊಂದರ ವಿಚಾರ.

ನಮ್ಮ ಕೈಗೆ ಬರ ಬಂದದ್ದು ೨೦೨೦ರ ತರುವಾಯ. ಶಿಕ್ಷಕ ತರಬೇತಿಯ ದಿನಗಳಲ್ಲಿ ನಾವು ಕೈಬರಹದ ಪತ್ರಿಕೆಗೆ ಪದ್ಯ ಬರೆದುಕೊಟ್ಟವರು, ಅದರ ಅಂಚುಗಳಿಗೆ ಬಳ್ಳಿ ಬಿಡಿಸಿದವರು. ಗೋವೆಗೆ ಬಂದ ಮೇಲೂ ರಾಜ್ಯೋತ್ಸವದ ಹೊತ್ತಿಗೆ ಒಂದು ಪದ್ಯ, ಯುಗಾದಿಯ ಹೊತ್ತಿಗೆ ಒಂದು ಪ್ರಬಂಧ ಹೇಗೋ ಹೊರಬೀಳುತ್ತಿದ್ದುವು. ೨೦೨೦ರ ಮಾರ್ಚಿಯಲ್ಲಿ ಶಾಲೆಗಳ ಬಾಗಿಲು ಮುಚ್ಚಿತು. ವಾಸ್ಕೋ, ಬಾಯ್ನಾ, ಸಡಾ, ಝುವಾರಿನಗರಗಳಲ್ಲಿ ಕೂಲಿ ಮಾಡಿ ಬದುಕುತ್ತಿದ್ದ ವಿಜಯಪುರ, ಬಾಗಲಕೋಟೆ, ಕೊಪ್ಪಳ, ಗದಗ ಜಿಲ್ಲೆಗಳ ಕುಟುಂಬಗಳು ಅನೇಕ ಊರ ಹಾದಿ ಹಿಡಿದುವು. ಹೆಚ್ಚು ಕಡಿಮೆ ಎರಡು ವರ್ಷಗಳಾದ ಮೇಲೆ ಮಕ್ಕಳು ಮರಳಿ ಸಾಲಿನಲ್ಲಿ ಕುಳಿತಾಗ ಕೆಲವರು ಬಂದಿದ್ದರು, ಕೆಲವರು ಬಂದಿರಲಿಲ್ಲ. ಹಾಜರಿಯ ಹೆಸರು ಕೂಗಿ ಉತ್ತರಕ್ಕಾಗಿ ಕಾಯುವುದೇ ಒಂದು ಸಂಕಟವಾಯಿತು. ಬಂದವರಲ್ಲಿಯೂ ಕಾಗುಣಿತ ಮರೆತವರು ಬಹಳ. ಹಗಲೆಲ್ಲ ಅ, ಆ, ಇ, ಈ ತಿದ್ದಿಸಿ ಸಂಜೆ ಮನೆಗೆ ಬಂದರೆ, ಕೈಯಲ್ಲಿ ಒಂದು ಸಾಲಿಗಾಗುವಷ್ಟು ಸತ್ತ್ವವೂ ಉಳಿಯುತ್ತಿರಲಿಲ್ಲ. ಸಂಘದ ಗೆಳೆಯರು ಪದ್ಯ ಕೇಳಿದರು. ಮುಂದಿನ ತಿಂಗಳು ಎಂದೆವು. ಮುಂದಿನ ತಿಂಗಳೂ ಹಾಗೆಯೇ ಎಂದೆವು. ಆಮೇಲೆ ಅವರು ಕೇಳುವುದನ್ನು ಬಿಟ್ಟರು.

ಹೊರನಾಡಿನಲ್ಲಿ ಬರೆಯುವವರಿಗೆ ಈ ಬರದ ಜೊತೆಗೆ ಇನ್ನೊಂದು ಕಷ್ಟವೂ ಸೇರಿಕೊಳ್ಳುತ್ತದೆ. ಗೋವೆಯಲ್ಲಿ ನಮ್ಮ ದಿನ ನಾಲ್ಕು ಭಾಷೆಗಳಲ್ಲಿ ಹಂಚಿಹೋಗುತ್ತದೆ. ಮೀನು ಮಾರುವವಳೊಡನೆ ಕೊಂಕಣಿ, ಬಸ್ಸಿನಲ್ಲಿ ಮರಾಠಿ, ನೆರೆಯವರೊಡನೆ ಹಿಂದಿ, ಮೇಲಿನಿಂದ ಬರುವ ಸುತ್ತೋಲೆ ಇಂಗ್ಲಿಷು. ಕನ್ನಡವು ತರಗತಿಯ ನಾಲ್ಕು ಗೋಡೆಗಳೊಳಗೆ ಬೆಳಗಿನ ಐದಾರು ತಾಸು ಇದ್ದು, ಉಳಿದ ಹೊತ್ತು ಮನೆಯ ಒಲೆಯ ಬಳಿ ಕುಳಿತಿರುತ್ತದೆ. ಸುತ್ತಲಿನ ಬೀದಿ ಕನ್ನಡದಲ್ಲಿ ಮಾತನಾಡದಿದ್ದಾಗ, ಬೀದಿಯ ವಸ್ತುಗಳಿಗೆ ಕನ್ನಡದ ಹೆಸರು ಹುಡುಕುವ ಅಭ್ಯಾಸ ಮೆಲ್ಲಮೆಲ್ಲನೆ ತಪ್ಪುತ್ತದೆ. ಕಂಡದ್ದು ಕಣ್ಣಿನಲ್ಲಿಯೇ ನಿಂತುಬಿಡುತ್ತದೆ, ಕೈಯವರೆಗೆ ಬರುವುದಿಲ್ಲ.

ಈ ನಷ್ಟ ನಮ್ಮೊಬ್ಬರದೇ ಆಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ನಾಡಿನಲ್ಲಿ ಕವಿಗಳಿಗೆ ಕೊರತೆಯಿಲ್ಲ. ನಾವು ಪದ್ಯ ಬರೆಯದಿದ್ದರೆ ಕನ್ನಡಕ್ಕೆ ಕುಂದೇನೂ ಬಾರದು. ಆದರೆ ಉಪಾಧ್ಯಾಯರ ಕೈ ಬತ್ತಿದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ೨೦೨೨ರ ಮಳೆಗಾಲದಲ್ಲಿ ನಾಲ್ಕನೆಯ ಇಯತ್ತೆಯ ಮಕ್ಕಳು ‘ಮಳೆಗಾಲ’ ಎಂಬ ವಿಷಯದ ಮೇಲೆ ಪ್ರಬಂಧ ಬರೆದರು. ಎಲ್ಲರ ಪುಸ್ತಕಗಳಲ್ಲಿಯೂ ಒಂದೇ ಬರಹ: ಮಳೆ ಬಂದರೆ ರೈತರಿಗೆ ಆನಂದ, ನವಿಲು ಗರಿ ಬಿಚ್ಚಿ ಕುಣಿಯುತ್ತದೆ, ಕೆರೆಕಟ್ಟೆಗಳು ತುಂಬುತ್ತವೆ. ಅದೇ ಹೊತ್ತಿಗೆ ಕಿಟಕಿಯ ಹೊರಗೆ ಮುರಗಾಂವದ ಮಳೆ ತಗಡಿನ ಮೇಲೆ ಕಲ್ಲೆಸೆದಂತೆ ಹೊಡೆಯುತ್ತಿತ್ತು. ಆ ಮಕ್ಕಳಲ್ಲಿ ಹಲವರ ಮನೆ ಸೋರುತ್ತಿತ್ತು. ಇಬ್ಬರು ಹಸಿಯ ಅಂಗಿಯಲ್ಲಿಯೇ ಕುಳಿತಿದ್ದರು. ಅವರಲ್ಲಿ ನವಿಲು ಕುಣಿದದ್ದನ್ನು ಕಂಡವರು ಯಾರೂ ಇರಲಿಲ್ಲ. ಸೋರುವ ಮಾಳಿಗೆಯನ್ನಾಗಲಿ, ತಾಡಪತ್ರಿಯನ್ನಾಗಲಿ, ಬಕೆಟ್ಟಿನಲ್ಲಿ ಹನಿ ಬೀಳುವ ಸದ್ದನ್ನಾಗಲಿ ಬರೆಯಬಹುದೆಂದು ಅವರಿಗೆ ಹೇಳಿಕೊಟ್ಟವರೂ ಇರಲಿಲ್ಲ. ಕಂಡದ್ದನ್ನು ಬರೆದು ತೋರಿಸುವವರು ಎದುರಿಗಿಲ್ಲದಿದ್ದರೆ ಮಕ್ಕಳು ಕಾಣದ್ದನ್ನೇ ಬರೆಯುತ್ತಾರೆ. ಆಗ ನಮಗೆ ಕೈಯ ಬರವು ಮನೆಯ ಸಂಗತಿಯಾಗಿ ತೋರದೆ ಶಾಲೆಯ ಸಂಗತಿಯಾಗಿ ತೋರಿತು.

ದಾರಿ ತೋರಿದವರು ಒಬ್ಬ ವಿದ್ಯಾರ್ಥಿನಿಯ ತಾಯಿ. ಅವರು ಹಗಲು ಕಟ್ಟಡದ ಕೆಲಸಕ್ಕೆ ಹೋಗಿ ಬಂದು, ದೀಪ ಹಚ್ಚಿದ ಮೇಲೆ ಹೊಸ್ತಿಲ ಬಳಿ ಕುಳಿತು ಕೌದಿ ಹೊಲಿಯುತ್ತಿದ್ದರು. ಹಳೆಯ ಸೀರೆಯ ಪದರು, ಮಕ್ಕಳ ಹರಿದ ಅಂಗಿಯ ತುಂಡು, ಎಲ್ಲಕ್ಕೂ ಒಂದೇ ದಾರದ ಓಟ. ಇಷ್ಟು ದುಡಿದು ದಣಿದ ಮೇಲೆ ಇದನ್ನು ಹೇಗೆ ಮಾಡುತ್ತೀರಿ ಎಂದು ಕೇಳಿದೆವು. “ದಿನಾ ಒಂದ ಗೇಣ ಹೊಲೀತೇನ್ರಿ ಅಕ್ಕೋರ. ಅದಕಿಂತ ಹೆಚ್ಚಿಗಿ ಹೊಲಿಯಾಂಗಿಲ್ಲ. ಮಳೆಗಾಲ ಮುಗಿಯೂದ್ರಾಗ ಕೌದಿ ಆಗ್ತೈತ್ರಿ” ಎಂದರು. ಒಂದು ಗೇಣು ಎಂಬ ಮಾತಿಗಿಂತ, ಅದಕ್ಕಿಂತ ಹೆಚ್ಚು ಹೊಲಿಯುವುದಿಲ್ಲ ಎಂಬ ಮಾತು ನಮ್ಮ ಮನಸ್ಸಿನಲ್ಲಿ ನಿಂತಿತು. ಕಡಮೆ ಮಾಡಬಾರದೆಂಬ ನಿಯಮವನ್ನು ಎಲ್ಲರೂ ಹೇಳುತ್ತಾರೆ. ಹೆಚ್ಚು ಮಾಡಬಾರದೆಂಬ ನಿಯಮವನ್ನು ಹೇಳುವವರು ವಿರಳ.

ಮರುದಿನ ನಾವು ಶಾಲೆಗೆ ಹದಿನೈದು ನಿಮಿಷ ಮುಂಚಿತವಾಗಿ ಹೋದೆವು. ಕರಿಹಲಗೆಯ ಮೇಲ್ಭಾಗದಲ್ಲಿ ದಿನಾಂಕ, ವಾರ, ಪಟದ ಮೇಲಿನ ಸಂಖ್ಯೆ, ಹಾಜರಾದವರ ಸಂಖ್ಯೆ, ಸುಭಾಷಿತ ಎಲ್ಲವೂ ಇರುವುದಷ್ಟೆ. ಬಲಗಡೆಯ ಮೂಲೆಯಲ್ಲಿ ಒಂದು ಅಂಗೈಯಷ್ಟು ಸ್ಥಳ ಪಾಠಕ್ಕೂ ಬಾರದೆ ಲೆಕ್ಕಕ್ಕೂ ಬಾರದೆ ಉಳಿದಿರುತ್ತದೆ. ಅದನ್ನು ನಾವು ನಮ್ಮ ಹೊಲವೆಂದುಕೊಂಡೆವು. ನಿಯಮಗಳು ಐದು. ಅಂದು ಶಾಲೆಗೆ ಬರುವ ದಾರಿಯಲ್ಲಿ ಕಂಡ ಒಂದು ವಸ್ತುವನ್ನೇ ಬಿಡಿಸತಕ್ಕದ್ದು. ಅಂಗೈಯ ಅಳತೆಯನ್ನು ಮೀರತಕ್ಕದ್ದಲ್ಲ. ಒಂದೇ ತುಂಡು ಬಿಳಿಯ ಸೀಮೆಸುಣ್ಣ. ಚಿತ್ರದ ಕೆಳಗೆ ಕನ್ನಡದಲ್ಲಿ ಒಂದೇ ವಾಕ್ಯ. ಸಂಜೆಯ ಗಂಟೆಗೆ ಎಲ್ಲವನ್ನೂ ಒರಸತಕ್ಕದ್ದು.

ಮೊದಲನೆಯ ದಿನ ಪಾವು ಮಾರುವ ಪೊದೇರನ ಸೈಕಲ್ಲನ್ನು ಬಿಡಿಸಿದೆವು. ಹಿಂದೆ ಬಿದಿರಿನ ದೊಡ್ಡ ಬುಟ್ಟಿ, ಮುಂದೆ ಹಿಸುಕಿದರೆ ಪೋಂ ಎನ್ನುವ ರಬ್ಬರಿನ ಗುಂಡು. ಕೆಳಗೆ ‘ಪೊದೇರನ ಬುಟ್ಟಿಯ ಮೇಲೆ ಇಂದು ನೀಲಿ ತಾಡಪತ್ರಿ ಇತ್ತು’ ಎಂದು ಬರೆದೆವು. ಪ್ರಾರ್ಥನೆ ಮುಗಿಸಿ ಒಳಗೆ ಬಂದ ಮಕ್ಕಳು ಬಹಳ ಹೊತ್ತು ನೋಡಿದರು. ಕಡೆಗೆ ಒಬ್ಬನು, “ಅಕ್ಕೋರ, ಆಡಿನ ಮ್ಯಾಲೆ ಕೊಡ ಯಾಕ ಇಟ್ಟೀರಿ?” ಎಂದನು. ತರಗತಿಯೆಲ್ಲ ನಕ್ಕಿತು, ನಾವೂ ನಕ್ಕೆವು. ಬಹುದಿನಗಳ ಮೇಲೆ ಆ ಕೋಣೆಯಲ್ಲಿ ಎಲ್ಲರೂ ಒಂದೇ ಸಂಗತಿಗೆ ನಕ್ಕದ್ದು ಅಂದೇ. ಎರಡನೆಯ ದಿನ ಹಿಡಿ ಮುರಿದ ಬಕೆಟ್ಟು. ಮೂರನೆಯ ದಿನ ವಿದ್ಯುತ್ ಕಂಬದ ಮೇಲೆ ಕುಳಿತು ನೆನೆಯುತ್ತಿದ್ದ ಕಾಗೆ. ನಾಲ್ಕನೆಯ ದಿನ ಝುವಾರಿ ಹೊಳೆಯಲ್ಲಿ ಲಂಗರು ಹಾಕಿದ್ದ ಖಾಲಿ ಬಾರ್ಜು. ಕಾಗೆ ಮಾತ್ರ ಕಾಗೆಯಂತೆ ಕಂಡಿತು.

ದಿನಕ್ಕೊಂದು ಅಳತೆಯನ್ನು ಕಟ್ಟಿಕೊಂಡು ಕೆಲಸ ಮಾಡುವುದು ನಮ್ಮ ನಾಡಿಗೆ ಹೊಸದಲ್ಲ. ಗದುಗಿನ ವೀರನಾರಾಯಣ ದೇವಾಲಯದಲ್ಲಿ ಕುಮಾರವ್ಯಾಸನ ಕಂಬವೆಂದು ತೋರಿಸುವ ಕಂಬವೊಂದು ಉಂಟು. ಕವಿಯು ಕೋನೇರಿಯಲ್ಲಿ ಮಿಂದು, ಒದ್ದೆಯ ಬಟ್ಟೆಯಲ್ಲಿಯೇ ಆ ಕಂಬದ ಬಳಿ ಕುಳಿತು ಭಾರತವನ್ನು ರಚಿಸುತ್ತಿದ್ದನೆಂದೂ, ಮೈಮೇಲಿನ ಬಟ್ಟೆ ಆರಿದೊಡನೆ ಅಂದಿನ ಬರವಣಿಗೆ ನಿಲ್ಲುತ್ತಿತ್ತೆಂದೂ ಐತಿಹ್ಯ. ಐತಿಹ್ಯವನ್ನು ಇತಿಹಾಸವೆಂದು ವಾದಿಸುವುದು ನಮ್ಮ ಉದ್ದೇಶವಲ್ಲ. ಆದರೆ ಅದನ್ನು ಕಟ್ಟಿದ ಜನರಿಗೆ ಬರವಣಿಗೆಯ ಒಂದು ಗುಟ್ಟು ತಿಳಿದಿತ್ತು. ಒದ್ದೆಯ ಬಟ್ಟೆ ಆರಲು ಎಷ್ಟು ಹೊತ್ತು ಬೇಕು? ಬಯಲುಸೀಮೆಯ ಗಾಳಿಯಲ್ಲಿ ಬಹಳ ಹೊತ್ತೇನೂ ಬೇಡ. ಮಹಾಭಾರತದ ಹತ್ತು ಪರ್ವಗಳನ್ನು ಭಾಮಿನೀ ಷಟ್ಪದಿಯಲ್ಲಿ ಹಾಡಿದ ಮಹಾಕವಿಗೂ ಜನರು ಕೊಟ್ಟ ಅಳತೆ ಒಂದು ಒದ್ದೆ ಬಟ್ಟೆಯಷ್ಟು. ಗೋವೆಯ ಮಳೆಗಾಲದಲ್ಲಿ ಬಟ್ಟೆ ಮೂರು ದಿನವಾದರೂ ಆರುವುದಿಲ್ಲವಾದ ಕಾರಣ ನಾವು ಅಂಗೈಯ ಅಳತೆಯನ್ನು ಇಟ್ಟುಕೊಂಡೆವು.

ಹನ್ನೆರಡನೆಯ ಶತಮಾನದ ಶರಣರಾದರೂ ಬಿಡುವಾಗಿ ಕುಳಿತು ಬರೆದವರಲ್ಲ. ನುಲಿಯ ಚಂದಯ್ಯನವರು ಹಗ್ಗ ಹೊಸೆಯುತ್ತಿದ್ದರು. ಅಂಬಿಗರ ಚೌಡಯ್ಯನವರು ದೋಣಿ ನಡೆಸುತ್ತಿದ್ದರು. ಆಯ್ದಕ್ಕಿ ಮಾರಯ್ಯನವರು ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದರು, ಅವರ ಪತ್ನಿ ಲಕ್ಕಮ್ಮನವರೂ ವಚನ ಬರೆದವರು. ವಚನವು ಚಿಕ್ಕದಾಗಿರುವುದಕ್ಕೆ ಪಂಡಿತರು ಹೇಳುವ ಕಾರಣಗಳು ಹಲವಿರಬಹುದು. ಕೈಯಲ್ಲಿ ಕಾಯಕವಿರುವವರ ಬಾಯಿಂದ ಹೊರಡುವ ಮಾತು ಚಿಕ್ಕದಾಗಿಯೇ ಹೊರಡುತ್ತದೆಂಬುದು ದುಡಿಯುವವರೆಲ್ಲರಿಗೂ ತಿಳಿದಿರುವ ಕಾರಣ.

ದೊಡ್ಡ ಕೃತಿಗಳನ್ನು ಕಂಡು ಬೆದರುವ ಮಕ್ಕಳಿಗಾಗಿ ನಾವು ತರಗತಿಯಲ್ಲಿ ಒಂದು ಭಾಗಾಕಾರದ ಲೆಕ್ಕ ಮಾಡಿಸಿದೆವು. ಕುವೆಂಪು ಅವರು ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ೧೯೩೬ರಲ್ಲಿ ಪ್ರಾರಂಭಿಸಿ, ಅಧ್ಯಾಪಕರಾಗಿ ಪಾಠ ಹೇಳುತ್ತಲೇ ಸುಮಾರು ಒಂಬತ್ತು ವರ್ಷಗಳಲ್ಲಿ ಮುಗಿಸಿದರು. ಅದರಲ್ಲಿ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಸಾಲುಗಳಿವೆ. ಒಂಬತ್ತು ವರ್ಷಗಳೆಂದರೆ ೩,೨೮೫ ದಿನಗಳು. ೨೨,೦೦೦ವನ್ನು ೩,೨೮೫ರಿಂದ ಭಾಗಿಸಿದರೆ ದಿನಕ್ಕೆ ಏಳು ಸಾಲೂ ಬೀಳುವುದಿಲ್ಲ. ಕವಿಯು ದಿನವೂ ಸಮನಾಗಿ ಬರೆದರೆಂದು ಇದರ ಅರ್ಥವಲ್ಲ. ಒಂದು ದಿನ ನೂರು ಸಾಲು ಬಂದಿರಬಹುದು, ಒಂದು ತಿಂಗಳು ಏನೂ ಬಾರದೆ ಹೋಗಿರಬಹುದು. ಆ ಏಳು ಸಾಲುಗಳಲ್ಲಿರುವ ಶಕ್ತಿಯೂ ನಮ್ಮಂಥವರದಲ್ಲ. ಆದರೂ ಲೆಕ್ಕ ಮುಗಿದಾಗ ಹಿಂದಿನ ಸಾಲಿನ ಹುಡುಗನೊಬ್ಬನು “ಏಳ ಸಾಲ ಅಷ್ಟನರಿ?” ಎಂದು ಬೆರಗಾಗಿ ಕೇಳಿದನು. ಆ ಬೆರಗೇ ಅಂದಿನ ಪಾಠ.

ನಾವು ನೆಲಸಿರುವ ಗೋವೆಯಲ್ಲಿಯೂ ಈ ಮಾತಿಗೆ ಸಾಕ್ಷಿಗಳು ಉಂಟು. ಮಾರಿಯೊ ಮಿರಾಂಡರ ಚಿತ್ರಗಳನ್ನು ನೋಡದೆ ಗೋವೆಯಲ್ಲಿ ಒಂದು ದಿನ ಕಳೆಯುವುದು ಕಷ್ಟ. ಹೆಂಚಿನ ಮೇಲೆ, ಬಟ್ಟಲಿನ ಮೇಲೆ, ಚೀಲದ ಮೇಲೆ ಅವರ ಬೊಂಬೆಗಳಂತಹ ಜನರು ನಗುತ್ತಿರುತ್ತಾರೆ. ೧೯೨೬ರಲ್ಲಿ ದಮನ್‌ನಲ್ಲಿ ಜನಿಸಿ, ಬೆಂಗಳೂರಿನಲ್ಲಿ ಶಾಲೆ ಕಲಿತು, ೨೦೧೧ರಲ್ಲಿ ಸಾಲಸೇಟೆಯ ಲೌಟೊಲಿಂ ಗ್ರಾಮದ ತಮ್ಮ ಮನೆಯಲ್ಲಿ ತೀರಿಕೊಂಡ ಈ ಚಿತ್ರಕಾರರು ಬಾಲ್ಯದಲ್ಲಿ ಮನೆಯ ಗೋಡೆಗಳ ಮೇಲೆಲ್ಲ ಗೀಚುತ್ತಿದ್ದರಂತೆ. ಗೋಡೆ ಉಳಿಯಲೆಂದು ತಾಯಿಯು ಒಂದು ಖಾಲಿ ಪುಸ್ತಕವನ್ನು ತಂದುಕೊಟ್ಟರು. ಅಲ್ಲಿಂದ ದಿನಚರಿಯ ಅಭ್ಯಾಸ ಬೆಳೆಯಿತು. ೧೯೪೯, ೧೯೫೦, ೧೯೫೧ನೆಯ ವರ್ಷಗಳ ಅವರ ದಿನಚರಿಗಳು ಈಗ ಪುಸ್ತಕಗಳಾಗಿ ಅಚ್ಚಾಗಿವೆ. ಅವುಗಳಲ್ಲಿ ದೊಡ್ಡ ವಿಷಯವೇನೂ ಇಲ್ಲ: ನೆಂಟರು ಬಂದದ್ದು, ಮದುವೆಯ ಊಟ, ಚರ್ಚಿಗೆ ಹೊರಟ ಮುದುಕಿಯರು, ಗೆಳೆಯರ ಪಟ್ಟಾಂಗ. ದಿನದ ಬರಹದ ಮಗ್ಗುಲಲ್ಲಿ ದಿನದ ಚಿತ್ರ. ಮುಂದೆ ಪತ್ರಿಕೆಗಳಲ್ಲಿ ದೇಶವೆಲ್ಲ ಕಂಡು ನಕ್ಕ ಆ ಜನಜಂಗುಳಿಯ ಚಿತ್ರಗಳಿಗೆ ಬೇಕಾದ ಕಣ್ಣು ಈ ಪುಟಗಳಲ್ಲಿ ಹದಗೊಂಡಿತು.

ಎರಡನೆಯ ಸಾಕ್ಷಿ ವಾಸುದೇವ ಗಾಯತೊಂಡೆಯವರದು. ಗೋವೆಯ ಮೂಲದ ತಂದೆತಾಯಿಗಳಿಗೆ ೧೯೨೪ರಲ್ಲಿ ನಾಗಪುರದಲ್ಲಿ ಜನಿಸಿದ ಇವರು ಭಾರತದ ಅಮೂರ್ತ ಚಿತ್ರಕಲೆಯಲ್ಲಿ ಅಗ್ರಗಣ್ಯರು. ಒಂದೊಂದು ಚಿತ್ರಕ್ಕೂ ಬಹಳ ಕಾಲ ಕಾಯುತ್ತಿದ್ದರು. ಅವರು ಮುಗಿಸಿದ ಚಿತ್ರಗಳು ವರ್ಷಕ್ಕೆ ಕೆಲವೇ. ೧೯೮೪ರಲ್ಲಿ ದೆಹಲಿಯಲ್ಲಿ ಅಪಘಾತವೊಂದಕ್ಕೆ ಸಿಕ್ಕಿ ಅವರ ದೇಹ ಕುಗ್ಗಿತು. ದೊಡ್ಡ ಕ್ಯಾನ್ವಾಸಿನ ಮುಂದೆ ನಿಂತು ದುಡಿಯುವುದು ಅಸಾಧ್ಯವಾಯಿತು. ಆಗ ಅವರು ಕಾಗದದ ಮೇಲೆ ಮಸಿಯಿಂದ ಚಿಕ್ಕ ಚಿಕ್ಕ ಚಿತ್ರಗಳನ್ನು ರಚಿಸಿದರು. ಕೆಲವು ವರ್ಷಗಳ ತರುವಾಯ ಮತ್ತೆ ಕ್ಯಾನ್ವಾಸಿಗೆ ಮರಳಿದರು. ಆ ನಡುವಣ ಮಸಿಯ ಚಿತ್ರಗಳನ್ನು ಇಂದು ಯಾರೂ ಕೈಲಾಗದ ಕಾಲದ ಆಟವೆಂದು ಕಡೆಗಣಿಸುವುದಿಲ್ಲ; ೨೦೧೪ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಸಂಗ್ರಹಾಲಯವು ಅವರ ಕಲೆಯ ಮಹಾಪ್ರದರ್ಶನವನ್ನು ಏರ್ಪಡಿಸಿದಾಗ ಅವುಗಳಿಗೂ ಗೋಡೆಯ ಮೇಲೆ ಸ್ಥಾನವಿತ್ತು. ದೊಡ್ಡದು ಆಗದ ಕಾಲದಲ್ಲಿ ಚಿಕ್ಕದನ್ನು ಮಾಡುವುದು ಕೀಳಲ್ಲವೆಂದು ಇದಕ್ಕಿಂತ ಚೆನ್ನಾಗಿ ಹೇಳಬಲ್ಲ ನಿದರ್ಶನ ನಮಗೆ ತೋರದು.

ಇಷ್ಟೆಲ್ಲ ಹಿರಿಯರ ಹೆಸರು ಹೇಳಿದ ಮೇಲೆ ನಮ್ಮ ಮನೆಗಳ ತಾಯಂದಿರನ್ನು ಮರೆಯಲಾಗದು. ದಿನವೂ ಬೆಳಗಾಗುವ ಮೊದಲು ಅಂಗಳ ಸಾರಿಸಿ, ಚುಕ್ಕೆಯಿಟ್ಟು, ಎಳೆ ಎಳೆದು ರಂಗವಲ್ಲಿ ಹಾಕುವವರಿಗೆ ಇಂದು ಸ್ಫೂರ್ತಿ ಬಂದಿದೆಯೇ ಎಂದು ಯಾರೂ ಕೇಳುವುದಿಲ್ಲ. ಅವರೂ ಕೇಳಿಕೊಳ್ಳುವುದಿಲ್ಲ. ಮಧ್ಯಾಹ್ನದೊಳಗೆ ಅದನ್ನು ತುಳಿದವರೆಷ್ಟೋ, ಗಾಳಿಗೆ ಹಾರಿದ್ದೆಷ್ಟೋ. ಮರುದಿನ ಮತ್ತೊಂದು. ಅಳಿದುಹೋಗುವುದೆಂಬ ಭರವಸೆಯಿಂದಲೇ ಆ ಬೆರಳುಗಳಿಗೆ ಅಂತಹ ಸಲೀಸು ಬಂದಿರುತ್ತದೆ. ಉಳಿಯತಕ್ಕ ಚಿತ್ರವೆಂದರೆ ಕೈ ನಡುಗುತ್ತದೆ. ಒರಸತಕ್ಕ ಚಿತ್ರವೆಂದರೆ ಕೈ ಆಡುತ್ತದೆ. ಕರಿಹಲಗೆಯ ದೊಡ್ಡ ಗುಣವೂ ಇದೇ. ಅದರ ಮೇಲೆ ಬರೆದದ್ದು ಸಂಜೆಯವರೆಗೆ ಮಾತ್ರ.

ಈ ಚಿಕ್ಕ ಅಭ್ಯಾಸ ಹೇಗೆ ಕೆಲಸ ಮಾಡುತ್ತದೆಂಬುದನ್ನು ನಾವು ಯೋಚಿಸಿದ್ದೇವೆ. ಮೊದಲನೆಯದಾಗಿ, ಅದು ಅತಿ ಕೆಟ್ಟ ದಿನದಲ್ಲಿಯೂ ಹಿಡಿಸುತ್ತದೆ. ಜ್ವರ ಬಿಟ್ಟ ಮರುದಿನವೂ, ಮನೆಯಲ್ಲಿ ಮಾತು ಬೆಳೆದ ದಿನವೂ ಅಂಗೈಯಗಲದ ಚಿತ್ರಕ್ಕೆ ಐದು ನಿಮಿಷ ಸಿಕ್ಕುತ್ತದೆ. ಎರಡನೆಯದಾಗಿ, ಏನು ಬರೆಯಲಿ ಎಂಬ ಪ್ರಶ್ನೆಯೇ ಇರುವುದಿಲ್ಲ. ದಾರಿಯೇ ವಿಷಯವನ್ನು ಕೊಡುತ್ತದೆ. ಮೂರನೆಯದಾಗಿ, ದಾರಿಯಲ್ಲಿ ನಡೆಯುವ ರೀತಿ ಬದಲಾಗುತ್ತದೆ. ಮುಂಚೆ ನಾವು ಆ ಇಪ್ಪತ್ತು ನಿಮಿಷ ಮನೆಯ ಚಿಂತೆಯನ್ನು ಶಾಲೆಗೂ ಶಾಲೆಯ ಚಿಂತೆಯನ್ನು ಮನೆಗೂ ಹೊತ್ತು ತರುತ್ತಿದ್ದೆವು. ಈಗ ಕಣ್ಣಿಗೆ ಒಂದು ಕೆಲಸವಿರುವುದರಿಂದ ಚಿಂತೆ ಸ್ವಲ್ಪ ಹಿಂದೆ ಸರಿದು ನಡೆಯುತ್ತದೆ. ನಾಲ್ಕನೆಯದಾಗಿ, ವಾಕ್ಯವೊಂದನ್ನು ಬರೆಯಲೇಬೇಕಾದ್ದರಿಂದ ಗೋವೆಯ ಬೀದಿಗೆ ಕನ್ನಡದ ಹೆಸರುಗಳನ್ನು ಹುಡುಕಬೇಕಾಯಿತು. ಜಂಬಿಟ್ಟಿಗೆ, ಒರತೆ, ಪಾಚಿ, ಕಂಡಿ, ತೂಬು, ಗೂಟ, ಇಂತಹ ಮಾತುಗಳು ಒಂದೊಂದಾಗಿ ಮರಳಿ ಬಂದುವು. ಕನ್ನಡ ಸಿಕ್ಕದ ಕಡೆ ಕೊಂಕಣಿಯ ಮಾತನ್ನೇ ಕನ್ನಡದ ಲಿಪಿಯಲ್ಲಿ ಬರೆದೆವು. ಮಕ್ಕಳಿಗೆ ಎರಡೂ ತಿಳಿದುವು.

ತಪ್ಪಿದ ದಿನಗಳೂ ಉಂಟು. ಅವುಗಳಿಗಾಗಿ ಒಂದು ನಿಯಮವನ್ನು ಬೇಗನೆ ಮಾಡಿಕೊಂಡೆವು: ತಪ್ಪಿದ ದಿನದ ಬಾಕಿಯನ್ನು ಮರುದಿನ ತೀರಿಸತಕ್ಕದ್ದಲ್ಲ. ಬಾಕಿ ಬೆಳೆದರೆ ಸಾಲಗಾರನು ಆ ಬೀದಿಯಲ್ಲಿಯೇ ನಡೆಯುವುದಿಲ್ಲ. ಚಿತ್ರದ ಸಾಲವೂ ಹಾಗೆಯೇ. ನಿನ್ನೆ ಹೋಯಿತು, ಇಂದಿನದು ಇಂದಿಗೆ.

ಇದರಿಂದ ಬಂದ ಫಲವೇನು? ಆರು ತಿಂಗಳು ನಮ್ಮಿಂದ ಪದ್ಯವೊಂದೂ ಹೊರಡಲಿಲ್ಲ. ಹೊರಡಿಸುವ ಪ್ರಯತ್ನವನ್ನೂ ಮಾಡಲಿಲ್ಲ. ಏಳನೆಯ ತಿಂಗಳಿನಲ್ಲಿ ಒಂದು ಸಂಜೆ ಹಲಗೆ ಒರಸುವಾಗ, ಅಂದಿನ ವಾಕ್ಯಕ್ಕೆ ಮತ್ತೊಂದು ವಾಕ್ಯ ತಾನಾಗಿ ಬಂದು ಸೇರಿತು. ಮನೆಗೆ ಬಂದು ಎರಡನ್ನೂ ಬರೆದಿಟ್ಟೆವು. ಆ ಎರಡು ಸಾಲುಗಳು ಹದಿನಾಲ್ಕಾಗಲು ಇನ್ನೂ ಎರಡು ತಿಂಗಳು ಬೇಕಾದುವು. ಅದು ನಮ್ಮ ಉತ್ತಮ ಪದ್ಯವೆಂದು ಹೇಳಿಕೊಳ್ಳುವುದಿಲ್ಲ. ಆದರೆ ಅದರೊಳಗಿನ ಬಕೆಟ್ಟು ನಾವು ಕಂಡ ಬಕೆಟ್ಟು, ಅದರೊಳಗಿನ ಮಳೆ ಮುರಗಾಂವದ ಮಳೆ.

ಮಕ್ಕಳ ವಿಚಾರ ಇನ್ನೂ ಹಿತವಾದದ್ದು. ಶನಿವಾರಗಳಂದು ಸೀಮೆಸುಣ್ಣವನ್ನು ಅವರ ಕೈಗೆ ಕೊಟ್ಟೆವು. ನಿಯಮಗಳು ಅವೇ ಐದು. ಒಬ್ಬನು ತನ್ನ ತಂದೆಯ ಕರಣಿಯನ್ನು ಬಿಡಿಸಿದನು. ಒಬ್ಬಳು ನಳದ ಮುಂದಿನ ಕೊಡಗಳ ಸಾಲನ್ನು. ಮರುವರ್ಷ ‘ಮಳೆಗಾಲ’ದ ಪ್ರಬಂಧ ಬರೆಸಿದಾಗ ನವಿಲು ಅಲ್ಲಲ್ಲಿ ಇದ್ದೇ ಇತ್ತು; ನವಿಲನ್ನು ಒಂದೇ ವರ್ಷದಲ್ಲಿ ಓಡಿಸಲಾಗದು. ಆದರೆ ಒಬ್ಬ ಹುಡುಗನು, ರಾತ್ರಿ ಮಳೆ ಬಂದರೆ ತನ್ನ ಅವ್ವ ಅಕ್ಕಿಯ ಡಬ್ಬಿಯನ್ನು ಮೊದಲು ಎತ್ತಿಡುತ್ತಾಳೆ, ಆಮೇಲೆ ತಮ್ಮನನ್ನು ಎತ್ತುತ್ತಾಳೆ ಎಂದು ಬರೆದಿದ್ದನು. ಆ ವಾಕ್ಯದಲ್ಲಿ ಎರಡು ಒತ್ತಕ್ಷರಗಳು ತಪ್ಪಿದ್ದುವು. ಅವನ್ನು ತಿದ್ದುವ ಮುನ್ನ ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು.

ಕೌದಿ ಹೊಲಿಯುವ ತಾಯಿಯ ಮಗಳು ಆ ವರ್ಷವೇ ನಡುವೆ ಶಾಲೆ ಬಿಟ್ಟು ಊರಿಗೆ ಹೊರಟಳು. ತಂದೆಗೆ ಇಲ್ಲಿ ಕೆಲಸ ನಿಂತಿತ್ತು. ವರ್ಗಾವಣೆ ಪತ್ರ ಪಡೆಯಲು ಬಂದ ದಿನ ತನ್ನ ಲೆಕ್ಕದ ಪುಸ್ತಕದ ಹಿಂಬದಿಯ ಪುಟಗಳನ್ನು ತೋರಿಸಿದಳು. ದಿನವೂ ಸಂಜೆ ಒರಸಿಹೋಗುತ್ತಿದ್ದ ಚಿತ್ರಗಳಲ್ಲಿ ಬಹಳಷ್ಟನ್ನು ಆಕೆ ಪೆನ್ಸಿಲಿನಿಂದ ಇಳಿಸಿಕೊಂಡಿದ್ದಳು. ಬಕೆಟ್ಟು ಇತ್ತು, ಕಾಗೆ ಇತ್ತು, ಬಾರ್ಜು ಇತ್ತು; ಪೊದೇರನ ಸೈಕಲ್ಲನ್ನು ನಮಗಿಂತ ಚೆನ್ನಾಗಿ ತೆಗೆದಿದ್ದಳು. ರಾಜ್ಯೋತ್ಸವದ ವಿಶೇಷವೆಂದು ನಾವು ಬಣ್ಣದ ಸೀಮೆಸುಣ್ಣದಲ್ಲಿ ಬಹು ಶ್ರಮಪಟ್ಟು ಬಿಡಿಸಿದ್ದ ವೀರನಾರಾಯಣ ದೇವಾಲಯದ ಗೋಪುರ ಮಾತ್ರ ಇರಲಿಲ್ಲ. ಅದೇಕೆ ಬಿಟ್ಟೆ ಎಂದು ಕೇಳಿದೆವು. “ಅದನ್ನ ನಾ ನೋಡಿಲ್ಲರಿ ಅಕ್ಕೋರ. ನೋಡಿದ್ದಷ್ಟ ತಗದೇನಿ” ಎಂದಳು. ಹಾಜರಿಯ ಪಟದಿಂದ ಆಕೆಯ ಹೆಸರಿಗೆ ಕೆಂಪು ಗೆರೆ ಎಳೆದದ್ದು ಅಂದೇ. ಅಂಗೈಯಗಲದ ಚಿತ್ರದಿಂದ ಮಕ್ಕಳು ಊರಿಗೆ ಹೋಗುವುದು ನಿಲ್ಲುವುದಿಲ್ಲ. ಖಾಲಿಯಾದ ಸಾಲು ತುಂಬುವುದಿಲ್ಲ. ಅದು ಮಾಡಬಲ್ಲದ್ದು ಇಷ್ಟೆ: ಹೋಗುವ ಮಗು ಖಾಲಿ ಕೈಯಲ್ಲಿ ಹೋಗದಂತೆ ನೋಡಿಕೊಳ್ಳಬಲ್ಲದು.

ಉಪಾಧ್ಯಾಯ ಬಂಧುಗಳಲ್ಲಿ ಕೈ ಬತ್ತಿದವರು ಯಾರಾದರೂ ಇದ್ದರೆ ಇದನ್ನು ಪ್ರಯತ್ನಿಸಿ ನೋಡಬಹುದು. ಚಿತ್ರವೇ ಆಗಬೇಕೆಂದಿಲ್ಲ. ಹಾಡುವವರು ದಿನಕ್ಕೊಂದು ಚರಣಕ್ಕೆ ರಾಗ ಕಟ್ಟಲಿ. ಕಥೆ ಬರೆಯುವವರು ಬಸ್ಸಿನಲ್ಲಿ ಕೇಳಿದ ಒಂದು ಮಾತನ್ನು ಹಾಗೆಯೇ ಬರೆದಿಡಲಿ. ಜೇಡಿಮಣ್ಣು ಸಿಕ್ಕುವವರು ಹೆಬ್ಬೆರಳಿನಷ್ಟು ಎತ್ತನ್ನು ಮಾಡಿ ಮರುದಿನ ಅದನ್ನೇ ಕಲಸಿ ಬೇರೊಂದು ಮಾಡಲಿ. ಅಳತೆ ಚಿಕ್ಕದಾಗಿರಲಿ, ಅದನ್ನು ಮೀರದಿರಲಿ. ಚೆನ್ನಾಗಿದೆಯೇ ಎಂದು ಮೊದಲ ಮೂರು ತಿಂಗಳು ಯಾರನ್ನೂ ಕೇಳಬೇಡಿ. ವಿದ್ಯಾರ್ಥಿಗಳಿಗೂ ಇದೇ ಮಾತು. ನಿಮ್ಮ ಪಾಟಿಯ ಒಂದು ಮೂಲೆ,ನೋಟುಪುಸ್ತಕದ ಒಂದು ಅಂಚು ಪಾಠಕ್ಕೆ ಬೇಡವಾಗಿ ಉಳಿದೇ ಇರುತ್ತದೆ. ಅಲ್ಲಿ ಇಂದು ಕಂಡದ್ದನ್ನು ಬರೆಯಿರಿ. ಗುರುಗಳು ಗದರಿಸಿದರೆ ಈ ಲೇಖನವನ್ನು ತೋರಿಸಿರಿ.

ಖರ್ಚಿನ ಮಾತನ್ನೂ ಹೇಳಿಬಿಡುತ್ತೇವೆ. ಪಾಠ ಬರೆದು ಉಳಿದ ಮೋಟು ಸೀಮೆಸುಣ್ಣಗಳನ್ನೇ ನಾವು ಇದಕ್ಕೆ ಬಳಸುತ್ತೇವೆ. ಒಂದು ಮೋಟು ಮೂರು ಅಥವಾ ನಾಲ್ಕು ದಿನ ಬರುತ್ತದೆ.